ಸುಟ್ಟಗಾಯ: ನೀರೋ ಮುಲಾಮೋ, ಕ್ಲಿನಿಕ್ಕೋ ಬರ್ನ್ಸ್ ವಾರ್ಡೋ?

ಕುದಿಯುವ ಸಾರು ಕೈಮೇಲೆ ಚೆಲ್ಲಿದಾಗ ಮನೆಯಲ್ಲಿ ನಾಲ್ಕು ಜನ ಇದ್ದರೆ ಐದು ಸಲಹೆ ಬರುತ್ತವೆ. ಅಜ್ಜಿ ಅರಿಶಿನ ಅನ್ನುತ್ತಾರೆ, ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಿಡಿದು ಬರುತ್ತಾರೆ, ಮಗ ಫ್ರಿಜ್‌ನಿಂದ ಐಸ್ ತೆಗೆಯುತ್ತಾನೆ, ಮೆಡಿಕಲ್ ಶಾಪಿನವರು ಬಿಳಿ ಮುಲಾಮಿನ ಟ್ಯೂಬ್ ಕೊಟ್ಟು ಕಳಿಸುತ್ತಾರೆ. ಆಮೇಲೆ ಎಲ್ಲಿಗೆ ಹೋಗುವುದು ಎಂಬ ಚರ್ಚೆ: ಬೀದಿ ಕೊನೆಯ ಕ್ಲಿನಿಕ್ಕೋ, ರಿಂಗ್ ರೋಡಿನ ದೊಡ್ಡ ಆಸ್ಪತ್ರೆಯೋ, ನೇರ ವಿಕ್ಟೋರಿಯಾ ಆಸ್ಪತ್ರೆಗೋ?

ಬೆಂಗಳೂರಿನ ಕ್ಯಾಶುಯಾಲಿಟಿಯಲ್ಲಿ ಇಂಥ ಗಾಯ ನೋಡುವುದು ನನ್ನ ಕೆಲಸ. ಮನೆಯವರು ಮಾಡಬೇಕಾದ ಆಯ್ಕೆಗಳ ಜೊತೆಗೆ ಆಸ್ಪತ್ರೆಯೊಳಗೆ ನಾವು ಮಾಡುವ ಆಯ್ಕೆಗಳನ್ನೂ ಇಲ್ಲಿ ಬರೆದಿದ್ದೇನೆ, ಯಾಕೆಂದರೆ ಎರಡಕ್ಕೂ ಅಳತೆಗೋಲು ಒಂದೇ. ಸುಟ್ಟಗಾಯ ಮೊದಲ ದಿನ ತನ್ನ ಪೂರ್ತಿ ಆಳ ತೋರಿಸುವುದಿಲ್ಲ. ಎರಡು ಮೂರು ದಿನ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಎರಡು ದಾರಿ ಎದುರಿದ್ದಾಗ, ಮುಂದೆ ನೋಡುವವರಿಗೆ ಗಾಯ ಕಾಣುವಂತೆ ಬಿಡುವ ದಾರಿ, ನಾಳೆ ತೀರ್ಮಾನ ತಿದ್ದಿಕೊಳ್ಳಲು ಜಾಗ ಇಡುವ ದಾರಿ ಹಿಡಿಯಿರಿ.

ಮೊದಲ 20 ನಿಮಿಷ: ನೀರಿಗೆ ಸಾಟಿಯಿಲ್ಲ

ಮೊದಲು ಬಿಸಿಯಿಂದ ದೂರ. ಬಟ್ಟೆಗೆ ಬೆಂಕಿ ಹತ್ತಿದ್ದರೆ ಓಡಲು ಬಿಡದೆ ನೆಲಕ್ಕೆ ಮಲಗಿಸಿ ಉರುಳಿಸಿ, ಇಲ್ಲವೇ ಕಂಬಳಿ ಹೊದಿಸಿ. ಪಾಲಿಯೆಸ್ಟರ್ ಹೊದಿಕೆ ಬೇಡ, ಅದೇ ಕರಗಿ ಮೈಗೆ ಅಂಟುತ್ತದೆ. ಬಿಸಿ ಹೀರಿಕೊಂಡ ಬಟ್ಟೆ, ಮಗುವಿನ ಡೈಪರ್ ತಕ್ಷಣ ಬಿಚ್ಚಿ. ಚರ್ಮಕ್ಕೆ ಅಂಟಿದ ಸಿಂಥೆಟಿಕ್ ಸೀರೆಯ ತುಂಡನ್ನು ಮಾತ್ರ ಎಳೆಯದೆ ಸುತ್ತ ಕತ್ತರಿಸಿ ಹಾಗೇ ಬಿಡಿ. ಬಳೆ, ಉಂಗುರ, ಕಾಲುಂಗುರ, ಗೆಜ್ಜೆ, ಉಡಿದಾರ ಆಗಲೇ ತೆಗೆದುಬಿಡಿ. ಊತ ಬಂದ ಮೇಲೆ ಉಂಗುರ ಕತ್ತರಿಸಲು ಕಟರ್ ಹುಡುಕಬೇಕಾಗುತ್ತದೆ, ಅಷ್ಟರಲ್ಲಿ ಬೆರಳಿನ ರಕ್ತಸಂಚಾರಕ್ಕೆ ತೊಂದರೆಯಾಗಿರುತ್ತದೆ.

ಆಮೇಲೆ ಹರಿಯುವ ತಣ್ಣೀರು, ಗಡಿಯಾರ ನೋಡಿ 20 ನಿಮಿಷ. ಪಾತ್ರೆ ಸರಿಸಿದರೂ ಚರ್ಮದ ಒಳಪದರದಲ್ಲಿ ಬಿಸಿ ಉಳಿದು ಸುಡುತ್ತಲೇ ಇರುತ್ತದೆ. ನೀರು ಅದನ್ನು ಹೊರಗೆಳೆದು ಗಾಯ ಇನ್ನಷ್ಟು ಆಳಕ್ಕೆ ಇಳಿಯದಂತೆ ತಡೆಯುತ್ತದೆ. ಸುಟ್ಟು 3 ಗಂಟೆಯೊಳಗೆ ಯಾವಾಗ ಹಿಡಿದರೂ ಪ್ರಯೋಜನ ಇದೆ. ಮನೆಯಲ್ಲಿ ಮಾಡದೆ ಬಂದವರಿಗೆ ನಾವೂ ಆಸ್ಪತ್ರೆಯ ಸಿಂಕಿನಲ್ಲಿ ಇದನ್ನೇ ಮಾಡುತ್ತೇವೆ.

ಬೆಂಗಳೂರಿನ ಒಂದು ತೊಡಕು: ಏಪ್ರಿಲ್ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನಿಂದ ಬರುವ ನಲ್ಲಿ ನೀರು ಬೆಚ್ಚಗಲ್ಲ, ಬಿಸಿಯೇ ಇರುತ್ತದೆ. ಪೈಪಿನಲ್ಲಿ ನಿಂತ ನೀರು ಹೋಗುವವರೆಗೆ ಬಿಟ್ಟು ಕೈಯಿಂದ ಮುಟ್ಟಿ ನೋಡಿ. ಆಗಲೂ ಬಿಸಿ ಇದ್ದರೆ ಸಂಪ್‌ನ ನೀರು, ಇಲ್ಲವೇ ಕುಡಿಯುವ ನೀರಿನ ಕ್ಯಾನನ್ನೇ ಬಳಸಿ. ಸುಮಾರು 15 ಡಿಗ್ರಿಯ ನೀರು ಒಳ್ಳೆಯದು, 25ರವರೆಗೂ ನಡೆಯುತ್ತದೆ. ಟ್ಯಾಂಕರ್ ನಂಬಿ ಬದುಕುವ ಬಡಾವಣೆಯಲ್ಲಿ 20 ನಿಮಿಷ ನಲ್ಲಿ ಬಿಡುವುದು ದುಬಾರಿ ಅನ್ನಿಸಿದರೆ, ಸಣ್ಣ ಧಾರೆ ಸಾಕು. ಬಕೆಟ್ಟಿನಿಂದ ಚೊಂಬಿನಲ್ಲಿ ಸುರಿಯುತ್ತಿದ್ದರೂ ಸರಿ. ಒದ್ದೆ ಬಟ್ಟೆ ಎರಡನೇ ದರ್ಜೆಯ ಆಯ್ಕೆ, ಅದನ್ನೂ ಪದೇಪದೇ ಬದಲಿಸಬೇಕು.

ಐಸ್ ಯಾಕೆ ಬೇಡ? ಅದು ರಕ್ತನಾಳಗಳನ್ನು ಸಂಕುಚಿಸಿ, ಈಗಾಗಲೇ ರಕ್ತ ಕಡಿಮೆಯಾಗಿರುವ ಚರ್ಮಕ್ಕೆ ಇನ್ನೂ ಕಡಿಮೆ ಮಾಡುತ್ತದೆ. ಟೂತ್‌ಪೇಸ್ಟ್, ಬೆಣ್ಣೆ, ಮೊಟ್ಟೆಯ ಬಿಳಿ, ಕಾಫಿಪುಡಿ, ಇಂಕು, ಅರಿಶಿನ ಇವೆಲ್ಲ ಒಂದೇ ಗುಂಪು. ಇವುಗಳಿಂದ ಸೋಂಕು ತಗಲುವ ಭಯ ಒಂದು ಕಡೆ. ನನ್ನ ದೊಡ್ಡ ತಕರಾರು ಬೇರೆ: ಅರಿಶಿನದ ಕೆಳಗೆ ಚರ್ಮ ಗುಲಾಬಿಯೋ ಬಿಳಿಯೋ ತಿಳಿಯುವುದಿಲ್ಲ. ತಿಳಿಯಬೇಕೆಂದರೆ ಉಜ್ಜಿ ತೊಳೆಯಬೇಕು, ಆ ನೋವು ತಿನ್ನುವವರು ರೋಗಿ. ಅರಿಶಿನಕ್ಕೆ ಅಡುಗೆಮನೆಯಲ್ಲಿ ಬೇಕಾದಷ್ಟು ಕೆಲಸ ಇದೆ.

ನೀರಿಗೂ ಒಂದು ಮಿತಿ ಇದೆ. ಮಗುವಿನ ಮೈ ಹತ್ತನೇ ಒಂದು ಭಾಗಕ್ಕಿಂತ, ದೊಡ್ಡವರ ಮೈ ಐದನೇ ಒಂದು ಭಾಗಕ್ಕಿಂತ ಹೆಚ್ಚು ಸುಟ್ಟಿದ್ದರೆ ಮೈ ತಣ್ಣಗಾಗಿಬಿಡುವ ಅಪಾಯ ಇದೆ. ಗಾಯಕ್ಕೆ ಮಾತ್ರ ನೀರು, ಉಳಿದ ಮೈಗೆ ಹೊದಿಕೆ. ನಡುಕ ಶುರುವಾದರೆ ನಿಲ್ಲಿಸಿ ಹೊರಡಿ.

ತಣಿಸಿದ ಮೇಲೆ ಮುಚ್ಚುವುದಕ್ಕೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್‌ಗಿಂತ ಒಳ್ಳೆಯದು ಕಡಿಮೆ. ರೋಲಿನ ಮೊದಲ ಒಂದೆರಡು ಸುತ್ತು ಬಿಸಾಕಿ, ಆಮೇಲಿನದನ್ನು ಗಾಯದ ಮೇಲೆ ಉದ್ದಕ್ಕೆ ಹಾಸಿ, ಕೈಕಾಲಿಗೆ ಬಿಗಿಯಾಗಿ ಸುತ್ತಬೇಡಿ. ಗಾಳಿ ತಾಗದೆ ಉರಿ ಇಳಿಯುತ್ತದೆ, ಅಂಟುವುದಿಲ್ಲ, ಮುಖ್ಯವಾಗಿ ಪಾರದರ್ಶಕ: ಆಂಬುಲೆನ್ಸಿನವರು, ಡ್ಯೂಟಿ ಡಾಕ್ಟರು, ಸರ್ಜನ್ ಮೂವರೂ ಬಿಚ್ಚದೆಯೇ ನೋಡಬಹುದು. ಇಲ್ಲದಿದ್ದರೆ ಒಗೆದ ಹತ್ತಿ ಪಂಚೆ. ಮುಖಕ್ಕೆ ಫಿಲ್ಮ್ ಬೇಡ.

ಆಳ: ನೋವನ್ನು ನಂಬಬೇಡಿ

ಸುಟ್ಟಗಾಯದಲ್ಲಿ ಕೂಗಾಡುವವರಿಗಿಂತ ಸುಮ್ಮನೆ ಕೂತವರ ಗಾಯ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಚರ್ಮದ ಪೂರ್ತಿ ದಪ್ಪ ಸುಟ್ಟಾಗ ನರದ ತುದಿಗಳೂ ಸುಟ್ಟಿರುತ್ತವೆ, ಅಲ್ಲಿ ನೋವೇ ಇರುವುದಿಲ್ಲ. "ಏನೂ ನೋವಿಲ್ಲ ಡಾಕ್ಟ್ರೇ, ಸ್ವಲ್ಪ ಬೆಳ್ಳಗಾಗಿದೆ ಅಷ್ಟೆ" ಎಂಬ ಮಾತಿಗೆ ನಿರಾಳವಾಗುವ ಬದಲು ಎದ್ದು ನಿಲ್ಲಬೇಕು.

ಫಸ್ಟ್ ಡಿಗ್ರಿ ಎಂದರೆ ಕೆಂಪು, ಒಣ, ಗುಳ್ಳೆಯಿಲ್ಲ. ಒಂದು ವಾರದೊಳಗೆ ಹೋಗುತ್ತದೆ. ಸೆಕೆಂಡ್ ಡಿಗ್ರಿಯಲ್ಲಿ ಗುಳ್ಳೆ ಬರುತ್ತದೆ, ಮತ್ತು ಗೊಂದಲವೆಲ್ಲ ಇಲ್ಲಿಯೇ, ಯಾಕೆಂದರೆ ಇದರೊಳಗೆ ಎರಡು ಬೇರೆ ಬೇರೆ ಗಾಯಗಳಿವೆ. ಮೇಲ್ಮಟ್ಟದ್ದಾದರೆ ಎರಡು ಮೂರು ವಾರದೊಳಗೆ ತಾನೇ ಮಾಯುತ್ತದೆ. ಆಳದ್ದಾದರೆ ಮೂರು ವಾರ ಮೀರುತ್ತದೆ, ದಪ್ಪ ಕಲೆ ಬೀಳುತ್ತದೆ, ಬಹಳ ಸಲ ಗ್ರಾಫ್ಟ್ (ಬೇರೆಡೆಯ ಚರ್ಮ ತೆಗೆದು ಗಾಯಕ್ಕೆ ಕೂರಿಸುವುದು) ಬೇಕು. ಥರ್ಡ್ ಡಿಗ್ರಿ ಬಿಳಿ, ಕಂದು ಅಥವಾ ಕಪ್ಪು, ಒಣಗಿ ಗಡುಸಾಗಿರುತ್ತದೆ. ತೀರಾ ಚಿಕ್ಕದಲ್ಲದಿದ್ದರೆ ಸರ್ಜರಿಯೇ ಗತಿ.

ಸೆಕೆಂಡ್ ಡಿಗ್ರಿಯ ಆ ಎರಡನ್ನು ಬೇರೆ ಮಾಡುವುದು ಹೇಗೆ? ಗುಳ್ಳೆಯ ಪೊರೆ ಸರಿದ ಜಾಗದಲ್ಲಿ ಗ್ಲೌಸ್ ಹಾಕಿದ ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದಾಗ ಗುಲಾಬಿ ಬಣ್ಣ ಬಿಳಿಗೆ ತಿರುಗಿ, ಬಿಟ್ಟೊಡನೆ ಎರಡು ಸೆಕೆಂಡಿನಲ್ಲಿ ಮರಳಿ ಗುಲಾಬಿಯಾದರೆ ಕೆಳಗಿನ ರಕ್ತನಾಳಗಳು ಬದುಕಿವೆ, ಗಾಯ ಮೇಲ್ಮಟ್ಟದ್ದು. ಬಣ್ಣ ನಿಧಾನಕ್ಕೆ ಬಂದರೆ ಅಥವಾ ಬಾರದೇ ಹೋದರೆ, ಒತ್ತಿದರೂ ಕದಲದ ಕಡುಗೆಂಪು ಕಂಡರೆ, ಅದು ಆಳದ್ದು. ತೇವ ಹೊಳಪು, ಮುಟ್ಟಿದರೆ ಚುರುಕ್ ಎನ್ನುವ ನೋವು ಒಳ್ಳೆಯ ಲಕ್ಷಣ. ಒಣಕಲು, ಮಂದವಾದ ಸ್ಪರ್ಶ ಕೆಟ್ಟದ್ದು. ಗಾಯದಲ್ಲಿನ ಕೂದಲು ಹಿಡಿದರೆ ನೋವಿಲ್ಲದೆ ಕೈಗೆ ಬಂದರೂ ಆಳವೆಂದೇ ಲೆಕ್ಕ. ನಮ್ಮ ಕಂದು, ಕಪ್ಪು ಚರ್ಮದಲ್ಲಿ ಪುಸ್ತಕದ ಚಿತ್ರದ ಹಾಗೆ ಕೆಂಪು ಎದ್ದು ಕಾಣುವುದಿಲ್ಲ, ಹಾಗಾಗಿ ಈ ಒತ್ತಿ ನೋಡುವ, ಮುಟ್ಟಿ ಕೇಳುವ ಪರೀಕ್ಷೆಗಳಿಗೆ ಕಣ್ಣಂದಾಜಿಗಿಂತ ತೂಕ ಹೆಚ್ಚು.

ಇಷ್ಟೆಲ್ಲ ನೋಡಿದರೂ ಮೊದಲ ದಿನದ ತೀರ್ಪು ತಾತ್ಕಾಲಿಕ. ಸುಟ್ಟ ನಡುಭಾಗದ ಸುತ್ತ ಪೂರ್ತಿ ಸತ್ತೂ ಇಲ್ಲದ ಪೂರ್ತಿ ಬದುಕಿಯೂ ಇಲ್ಲದ ಒಂದು ವಲಯ ಇರುತ್ತದೆ; ರಕ್ತ, ದ್ರವ ಸಾಕಷ್ಟು ಸಿಕ್ಕರೆ ಉಳಿಯುತ್ತದೆ, ಸಿಗದಿದ್ದರೆ ಎರಡು ದಿನದಲ್ಲಿ ಸಾಯುತ್ತದೆ. 48ರಿಂದ 72 ಗಂಟೆಯಲ್ಲಿ ಮತ್ತೆ ನೋಡಲೇಬೇಕು ಎನ್ನುವುದು ಇದಕ್ಕಾಗಿ. "ಒಂದು ವಾರ ಬಿಟ್ಟು ಬನ್ನಿ" ಅನ್ನುವ ಕ್ಲಿನಿಕ್ಕಿಗಿಂತ "ನಾಳಿದ್ದು ಬಂದು ತೋರಿಸಿ" ಅನ್ನುವ ಕ್ಲಿನಿಕ್ ವಾಸಿ.

ಅಗಲ: ಅಂಗೈ, ಒಂಬತ್ತರ ನಿಯಮ, ಚಾರ್ಟು

ಶೇಕಡಾ ಎಷ್ಟು ಸುಟ್ಟಿದೆ ಎಂದು ಅಳೆಯಲು ಮೂರು ವಿಧಾನಗಳಿವೆ. ಸಣ್ಣ ಗಾಯಕ್ಕೆ, ಚೆಲ್ಲಾಪಿಲ್ಲಿ ಬಿದ್ದ ಗಾಯಕ್ಕೆ ಅಂಗೈ ವಿಧಾನ: ರೋಗಿಯ ಬೆರಳು ಸೇರಿಸಿದ ಅಂಗೈ ಅಂದರೆ ಸುಮಾರು ಶೇ. 1. ರೋಗಿಯ ಅಂಗೈ, ಅಪ್ಪನದಲ್ಲ. ಎರಡು ವರ್ಷದ ಮಗುವಿನ ಎದೆಯ ಮೇಲೆ ಅಪ್ಪ ತನ್ನ ಕೈ ಇಟ್ಟು "ಒಂದೇ ಅಂಗೈಯಷ್ಟು" ಎಂದು ಫೋನಿನಲ್ಲಿ ಹೇಳಿದರೆ, ಅದು ಮಗುವಿನ ಲೆಕ್ಕದಲ್ಲಿ ಹಲವು ಪಟ್ಟು ಆಗಿರುತ್ತದೆ.

ದೊಡ್ಡವರ ದೊಡ್ಡ ಗಾಯಕ್ಕೆ ವ್ಯಾಲೇಸ್ ಅವರ ಒಂಬತ್ತರ ನಿಯಮ ಬೇಗ ಆಗುತ್ತದೆ: ತಲೆ 9, ಒಂದೊಂದು ತೋಳು 9, ಎದೆ-ಹೊಟ್ಟೆ 18, ಬೆನ್ನು 18, ಒಂದೊಂದು ಕಾಲು 18, ಜನನಾಂಗ 1. ಮಕ್ಕಳಿಗೆ ಇದನ್ನು ಹಾಗೇ ಹಾಕಿದರೆ ತಪ್ಪುತ್ತದೆ, ಅವರ ತಲೆ ದೊಡ್ಡದು, ಕಾಲು ಚಿಕ್ಕದು. ಒಂದು ವರ್ಷದೊಳಗಿನ ಕೂಸಿಗೆ ತಲೆಯೇ 18, ಕಾಲು ಒಂದಕ್ಕೆ ಸುಮಾರು 14. ವಯಸ್ಸಿಗೆ ತಕ್ಕಂತೆ ಲೆಕ್ಕ ಕೊಡುವ ಲಂಡ್-ಬ್ರೌಡರ್ ಚಾರ್ಟು 1944ರಿಂದ ಬಳಕೆಯಲ್ಲಿದೆ. ಮಕ್ಕಳಿಗೆ ನನ್ನ ಆಯ್ಕೆ ಯಾವಾಗಲೂ ಅದೇ, ಐದು ನಿಮಿಷ ಹೆಚ್ಚು ಹಿಡಿದರೂ ಚಿಂತೆಯಿಲ್ಲ. ವಿಧಾನ ಯಾವುದಾದರೂ ಬರೀ ಕೆಂಪಾದ ಜಾಗವನ್ನು ಲೆಕ್ಕಕ್ಕೆ ಸೇರಿಸಬಾರದು. ಅದನ್ನೂ ಸೇರಿಸಿ ಶೇ. 12 ಇದ್ದದ್ದು 25 ಆಗುವುದು ರೆಫರಲ್ ಚೀಟಿಗಳಲ್ಲಿ ಮಾಮೂಲು. ಚೀಟಿಯಲ್ಲಿ ಸಂಖ್ಯೆಗಿಂತ ಒಂದು ಮನುಷ್ಯಾಕೃತಿ ಬರೆದು ಶೇಡ್ ಮಾಡಿ ಕಳಿಸಿದರೆ ನಮಗೆ ಉಪಕಾರ.

ಎಲ್ಲಿಗೆ ಹೋಗುವುದು

ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು: ದೊಡ್ಡವರಿಗೆ, ಆರೋಗ್ಯವಂತರಿಗೆ ಆದ ಫಸ್ಟ್ ಡಿಗ್ರಿ, ಅಥವಾ ರೂಪಾಯಿ ನಾಣ್ಯದಷ್ಟಗಲದ ಗುಳ್ಳೆ, ಅದೂ ಮುಖ, ಕೈ, ಪಾದ, ಕೀಲು, ಜನನಾಂಗ ಬಿಟ್ಟು ಬೇರೆಡೆ. ಸ್ಕೂಟರ್ ಸೈಲೆನ್ಸರ್ ಮೀನಖಂಡಕ್ಕೆ ತಾಗಿದ್ದನ್ನು ಎಲ್ಲರೂ ಈ ಪಟ್ಟಿಗೆ ಸೇರಿಸುತ್ತಾರೆ, ನಾನು ಸೇರಿಸುವುದಿಲ್ಲ. ಅಗಲ ಕಡಿಮೆ, ಆದರೆ ಕಾದ ಲೋಹ ಒತ್ತಿ ಸುಟ್ಟದ್ದು ಮೇಲೆ ಕಾಣುವುದಕ್ಕಿಂತ ಆಳ ಇರುತ್ತದೆ. ಒಮ್ಮೆ ತೋರಿಸಿಬಿಡಿ.

ಹತ್ತಿರದ ಕ್ಲಿನಿಕ್, ನರ್ಸಿಂಗ್ ಹೋಂ ಸಾಕಾಗುವುದು ಅದಕ್ಕಿಂತ ದೊಡ್ಡ, ಆದರೆ ಶೇ. 10ಕ್ಕೆ ಬಹಳ ಕೆಳಗಿನ, ಮೇಲ್ಮಟ್ಟದ ಸೆಕೆಂಡ್ ಡಿಗ್ರಿಗೆ. ಟಿಟಿ ಇಂಜೆಕ್ಷನ್, ನೋವಿನ ಮಾತ್ರೆ, ಡ್ರೆಸ್ಸಿಂಗ್, ಮರುತಪಾಸಣೆ ಅಲ್ಲೇ ಆಗುತ್ತದೆ.

ಬರ್ನ್ಸ್ ಘಟಕವೋ ಪ್ಲಾಸ್ಟಿಕ್ ಸರ್ಜನ್ ಇರುವ ದೊಡ್ಡ ಆಸ್ಪತ್ರೆಯೋ ಬೇಕಾಗುವುದು: ಸೆಕೆಂಡ್ ಡಿಗ್ರಿ ಶೇ. 10 ಮೀರಿದಾಗ, ಥರ್ಡ್ ಡಿಗ್ರಿ ಎಷ್ಟೇ ಇದ್ದರೂ, ಮುಖ, ಕೈ, ಪಾದ, ಜನನಾಂಗ, ದೊಡ್ಡ ಕೀಲು ಸುಟ್ಟಾಗ, ಕೈಕಾಲನ್ನೋ ಎದೆಯನ್ನೋ ಪೂರ್ತಿ ಸುತ್ತುವರಿದಾಗ, ಕರೆಂಟ್, ರಾಸಾಯನಿಕ, ಹೊಗೆ ಸೇರಿದ್ದಾಗ, ಪುಟ್ಟ ಮಕ್ಕಳು, ಮುದುಕರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಅನುಮಾನ ಬಂದಾಗಲೆಲ್ಲ. ಬೆಂಗಳೂರಿನಲ್ಲಿ ಕೆ.ಆರ್. ಮಾರ್ಕೆಟ್ ಪಕ್ಕದ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಬರ್ನ್ಸ್ ಕೇಂದ್ರ ಸರ್ಕಾರಿ ವ್ಯವಸ್ಥೆಯಲ್ಲಿ ಎಲ್ಲರೂ ಹೇಳುವ ಹೆಸರು, ಅಲ್ಲಿ ಚರ್ಮದ ಬ್ಯಾಂಕೂ ಇದೆ. ಕೋರಮಂಗಲದ ಸೇಂಟ್ ಜಾನ್ಸ್‌ನಲ್ಲೂ ಬರ್ನ್ಸ್ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಹೊರಡುವ ಮುಂಚೆ ಒಂದು ಫೋನ್ ಮಾಡಿ "ಬರ್ನ್ಸ್ ಪೇಷೆಂಟ್ ಅಡ್ಮಿಟ್ ಮಾಡ್ಕೊಳ್ತೀರಾ, ಪ್ಲಾಸ್ಟಿಕ್ ಸರ್ಜನ್ ಇದ್ದಾರಾ, ಐಸಿಯು ಬೆಡ್ ಇದೆಯಾ" ಎಂದು ಕೇಳಿ. ಹೊಳೆಯುವ ಕಟ್ಟಡದ ಎಷ್ಟೋ ಆಸ್ಪತ್ರೆಗಳು ದೊಡ್ಡ ಸುಟ್ಟಗಾಯ ಇಟ್ಟುಕೊಳ್ಳುವುದಿಲ್ಲ. ಖರ್ಚಿನ ಬಗ್ಗೆ: ಆಯುಷ್ಮಾನ್ ಭಾರತ್ ಯೋಜನೆಯ ಪ್ಯಾಕೇಜುಗಳಲ್ಲಿ ಸುಟ್ಟಗಾಯವೂ ಸೇರಿದೆ, ಆಧಾರ್ ಮತ್ತು ಬಿಪಿಎಲ್ ಕಾರ್ಡು ಯಾರಾದರೂ ಹಿಂದಿನಿಂದ ತರಲಿ.

ಆದರೆ ದನಿ ಗೊಗ್ಗರಾಗಿದ್ದರೆ, ಉಸಿರಿಗೆ ಸದ್ದು ಬರುತ್ತಿದ್ದರೆ, ಮೂಗಿನ ಕೂದಲು ಸುಟ್ಟು ಕಫದಲ್ಲಿ ಮಸಿ ಕಂಡರೆ ಈ ಪಟ್ಟಿ ಮರೆತು, ಉಸಿರಿನ ಕೊಳವೆ ಹಾಕಬಲ್ಲ ಅತಿ ಹತ್ತಿರದ ಆಸ್ಪತ್ರೆಗೆ ಹೋಗಿ. ಗಂಟಲು ಊದಿಕೊಳ್ಳುವುದು ಟ್ರಾಫಿಕ್ ಸಿಗ್ನಲ್‌ಗೆ ಕಾಯುವುದಿಲ್ಲ. ದೊಡ್ಡ ಗಾಯಕ್ಕೆ 108 ಉತ್ತಮ, ಆಮ್ಲಜನಕ, ಡ್ರಿಪ್ ಎರಡೂ ದಾರಿಯಲ್ಲೇ ಸಿಗುತ್ತದೆ. ಸಣ್ಣ ಗಾಯಕ್ಕೆ ಆಟೋ ಸಾಕು.

ಪೊಲೀಸ್ ವಿಚಾರ ಒಂದು ಮಾತು. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವರದಿ) ಬರೆದರೆ ಅದು ನಿಯಮ, ನಿಮ್ಮ ಮೇಲಿನ ಅನುಮಾನ ಅಲ್ಲ. ಆದರೆ ಸೊಸೆಯ ಮೈ ಸುಟ್ಟಾಗ "ಸ್ಟವ್ ಸಿಡೀತು" ಎಂದು ಅವಳ ಬದಲು ಇನ್ನೊಬ್ಬರು ಹೇಳುತ್ತಿದ್ದರೆ, ಮಗುವಿನ ಎರಡೂ ಪಾದ ಗೆರೆ ಎಳೆದಂತೆ ಒಂದೇ ಮಟ್ಟಕ್ಕೆ ಸುಟ್ಟಿದ್ದರೆ, ನಾವು ಮನೆಯವರನ್ನು ಹೊರಗೆ ಕಳಿಸಿ ಕೇಳುತ್ತೇವೆ. ಕೇಳಲೇಬೇಕು.

ಲೆಕ್ಕ ತಲೆಕೆಳಗು ಮಾಡುವ ಮೂರು: ಹೊಗೆ, ಕರೆಂಟು, ರಾಸಾಯನಿಕ

2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ 9 ಜನ ಸತ್ತರು. ಅಲ್ಲಿ ಜೀವ ತೆಗೆದದ್ದು ಮುಖ್ಯವಾಗಿ ಹೊಗೆ ಮತ್ತು ಅದರಿಂದ ತಪ್ಪಿಸಿಕೊಳ್ಳಲು ಮಾಡಿದ ಜಿಗಿತ. ಮುಚ್ಚಿದ ಜಾಗದಲ್ಲಿ ಹೊಗೆ ಕುಡಿದವರ ಮೈಮೇಲೆ ಒಂದು ಗುಳ್ಳೆಯೂ ಇಲ್ಲದಿರಬಹುದು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 98 ತೋರಿಸಿದರೂ ನಂಬಬಾರದು, ಅದಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಕಾರ್ಬನ್ ಮಾನಾಕ್ಸೈಡ್ ಹೊತ್ತ ರಕ್ತಕ್ಕೂ ವ್ಯತ್ಯಾಸ ತಿಳಿಯದು. ಬರೀ ಗಾಳಿಯಲ್ಲಿ ಆ ವಿಷ ಅರ್ಧಕ್ಕಿಳಿಯಲು 4-5 ಗಂಟೆ ಬೇಕು. ಮಾಸ್ಕಿನಲ್ಲಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ ಸಾಕು. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್ ಬೆಂಕಿಯೇ ಇಲ್ಲದೆ ಇದೇ ಕೆಲಸ ಮಾಡುತ್ತದೆ.

ಕರೆಂಟಿನ ಗಾಯ ಹೊರಗೆ ಚುಕ್ಕೆ, ಒಳಗೆ ಸುರಂಗ. 230 ವೋಲ್ಟ್‌ನ ಮನೆಯ ಶಾಕ್‌ಗೆ ಇಸಿಜಿ ಸರಿಯಿದ್ದು, ಎಚ್ಚರ ತಪ್ಪಿಲ್ಲದೆ, ಬೇರೆ ತೊಂದರೆಯಿಲ್ಲದಿದ್ದರೆ ಸಾಮಾನ್ಯವಾಗಿ ಮನೆಗೆ ಕಳಿಸುತ್ತೇವೆ. 11 ಕೆವಿ (11,000 ವೋಲ್ಟ್) ಲೈನಿನದ್ದು ಬೇರೆಯೇ ಜಾತಿ: ಮೂಳೆಯ ಪಕ್ಕದ ಸ್ನಾಯು ಬೆಂದುಹೋಗಿ, ಅದರ ಕಸ ಮೂತ್ರಪಿಂಡ ಕಟ್ಟುತ್ತದೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಡ್ರಿಪ್ ಜೋರು ಮಾಡಿ ಗಂಟೆಗೆ 75-100 ಮಿಲಿ ಮೂತ್ರ ಬರುವಂತೆ ನೋಡಿಕೊಳ್ಳಬೇಕು. 2023ರ ನವೆಂಬರಿನಲ್ಲಿ ವೈಟ್‌ಫೀಲ್ಡ್ ಕಡೆ ಫುಟ್‌ಪಾತಿನಲ್ಲಿ ಬಿದ್ದಿದ್ದ ತಂತಿ ತುಳಿದು ತಾಯಿ, ಕೂಸು ಇಬ್ಬರೂ ಹೋದದ್ದು ನೆನಪಿರಬಹುದು. ಬಿದ್ದ ತಂತಿ ಕಂಡರೆ ದೂರ ನಿಂತು ಬೆಸ್ಕಾಂನ 1912ಕ್ಕೆ ಕರೆ ಮಾಡಿ, ಒಬ್ಬರನ್ನು ಬಿಡಿಸಲು ಹೋಗಿ ಇನ್ನೊಬ್ಬರಾಗಬೇಡಿ.

ರಾಸಾಯನಿಕಕ್ಕೆ 20 ನಿಮಿಷದ ಲೆಕ್ಕ ಇಲ್ಲ, ಇನ್ನೂ ಹೆಚ್ಚು ಹೊತ್ತು ನೀರು. ಆಸಿಡ್ಡಿಗೆ ಸೋಡಾ, ಕ್ಷಾರಕ್ಕೆ ನಿಂಬೆರಸ ಎಂಬ ಲೆಕ್ಕಾಚಾರ ಬೇಡ, ಆ ಪ್ರತಿಕ್ರಿಯೆಯೇ ಬಿಸಿ ಹುಟ್ಟಿಸುತ್ತದೆ. ಒಣ ಪುಡಿಯಾದರೆ ಮೊದಲು ಕೊಡವಿ ಆಮೇಲೆ ನೀರು. ಆಸಿಡ್ ಎಂದರೆ ಎಲ್ಲರೂ ಹೆದರುತ್ತಾರೆ, ಆದರೆ ಕ್ಷಾರ ಇನ್ನೂ ಆಳಕ್ಕೆ ಇಳಿಯುತ್ತದೆ. ಹಸಿ ಸಿಮೆಂಟಿನಲ್ಲಿ ಮಂಡಿಯೂರಿ ಕೆಲಸ ಮಾಡಿದ ಗಾರೆಯವರಿಗೆ ಆಗ ಏನೂ ಅನ್ನಿಸುವುದಿಲ್ಲ, ಸಂಜೆ ಮಂಡಿಯ ಚರ್ಮ ಕಪ್ಪಗಾಗಿರುತ್ತದೆ. ಇನ್ನು ಎಲೆಯಡಿಕೆಯ ಸುಣ್ಣದ ಪ್ಯಾಕೆಟ್ಟು: ಮಗು ಹಿಸುಕುತ್ತದೆ, ಅದು ಒಡೆದು ನೇರ ಕಣ್ಣಿಗೆ ಹಾರುತ್ತದೆ. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ ಅರ್ಧ ಗಂಟೆ ನೀರು ಹಾಯಿಸಿ, ಆಮೇಲೆ ಮಿಂಟೋ ಅಥವಾ ಯಾವುದೇ ಕಣ್ಣಾಸ್ಪತ್ರೆ. ಆಸ್ಪತ್ರೆ ಮೊದಲು, ನೀರು ಆಮೇಲೆ ಅಂದುಕೊಂಡವರು ಅರ್ಧ ದೃಷ್ಟಿ ದಾರಿಯಲ್ಲೇ ಕಳೆದಿರುತ್ತಾರೆ. ಆಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್ ಹೇಳುತ್ತದೆ. ಕೌಂಟರಿನಲ್ಲಿ ಅಡ್ವಾನ್ಸ್ ಕೇಳಿದರೆ ಈ ಸಂಖ್ಯೆ ಹೇಳಿ.

ಡ್ರಿಪ್: 4 ಮಿಲಿಯೋ, 2 ಮಿಲಿಯೋ?

ಈ ಭಾಗ ಡ್ಯೂಟಿ ಡಾಕ್ಟರು, ನರ್ಸುಗಳಿಗೆ. ಉಳಿದವರು ದಾಟಿ ಹೋಗಬಹುದು.

60 ಕೆಜಿ ತೂಕ, ಶೇ. 30 ಗಾಯ. ಬ್ಯಾಕ್ಸ್ಟರ್ ಅವರ ಪಾರ್ಕ್‌ಲ್ಯಾಂಡ್ ಸೂತ್ರದಲ್ಲಿ (ಪ್ರತಿ ಕೆಜಿಗೆ, ಪ್ರತಿ ಶೇ. 1 ಗಾಯಕ್ಕೆ 4 ಮಿಲಿ) 4 × 60 × 30 = 7,200 ಮಿಲಿ ರಿಂಗರ್ ಲ್ಯಾಕ್ಟೇಟ್, ಅದರಲ್ಲಿ ಅರ್ಧ ಮೊದಲ 8 ಗಂಟೆಗೆ, ಉಳಿದರ್ಧ ಮುಂದಿನ 16 ಗಂಟೆಗೆ. ಗಂಟೆ ಎಣಿಸುವುದು ಸುಟ್ಟ ಗಳಿಗೆಯಿಂದ, ಅಡ್ಮಿಷನ್‌ನಿಂದ ಅಲ್ಲ. ಆನೇಕಲ್‌ನಲ್ಲಿ ಬೆಳಗ್ಗೆ 8ಕ್ಕೆ ಸುಟ್ಟು, ಡ್ರಿಪ್ ಇಲ್ಲದೆ ಹೊಸೂರು ರಸ್ತೆಯ ಟ್ರಾಫಿಕ್ ದಾಟಿ 11ಕ್ಕೆ ಬಂದವರಿಗೆ 3,600 ಮಿಲಿಗೆ ಉಳಿದಿರುವುದು 5 ಗಂಟೆ ಮಾತ್ರ, ಅಂದರೆ ಗಂಟೆಗೆ 720. ದೊಡ್ಡವರಿಗೆ 2 ಮಿಲಿಯಿಂದ ಶುರು ಮಾಡಿ ಎನ್ನುವುದು ಅಮೆರಿಕನ್ ಬರ್ನ್ ಅಸೋಸಿಯೇಷನ್ ತರಬೇತಿಯ ಈಗಿನ ಪಾಠ: ಮಕ್ಕಳಿಗೆ 3, ಹೈ ವೋಲ್ಟೇಜ್ ಕರೆಂಟಿಗೆ 4. ಅದರ ಪ್ರಕಾರ ಇದೇ ರೋಗಿಗೆ 24 ಗಂಟೆಗೆ 3,600.

ಎರಡರ ನಡುವೆ ದುಪ್ಪಟ್ಟು ವ್ಯತ್ಯಾಸ ಇದೆ ಎನ್ನುವುದೇ ಸೂತ್ರದ ಬೆಲೆ ಎಷ್ಟೆಂದು ಹೇಳುತ್ತದೆ. ನಾನು 2ರಿಂದ ಶುರು ಮಾಡುವ ಪಕ್ಷ. ಕಡಿಮೆ ಆಯಿತೆಂದು ಒಂದು ಗಂಟೆಯಲ್ಲಿ ಮೂತ್ರದ ಚೀಲ ಹೇಳಿಬಿಡುತ್ತದೆ, ಆಗ ಏರಿಸಬಹುದು. ಹೆಚ್ಚಾಗಿ ಹೋದದ್ದನ್ನು ಹಿಂದಕ್ಕೆ ಎಳೆಯಲಾಗದು. ಶ್ವಾಸಕೋಶ, ಹೊಟ್ಟೆ, ಗಾಯ ಎಲ್ಲ ಊದುತ್ತವೆ. ದೊಡ್ಡವರಿಗೆ ಗಂಟೆಗೆ ಕೆಜಿಗೆ 0.5 ಮಿಲಿ, ಮಕ್ಕಳಿಗೆ 1 ಮಿಲಿ ಮೂತ್ರ ಗುರಿ. ಪ್ರತಿ ಗಂಟೆ ಮೂತ್ರ ಅಳೆದು ಡ್ರಿಪ್ ತಿದ್ದುವವರು ಇಲ್ಲದ ವಾರ್ಡಿನಲ್ಲಿ ಎರಡು ಸೂತ್ರಗಳೂ ಅಷ್ಟಕ್ಕಷ್ಟೆ. ಲೆಕ್ಕ ಮಾಡಲು ವ್ಯವಧಾನ ಇಲ್ಲದ ನರ್ಸಿಂಗ್ ಹೋಂ, ಆಂಬುಲೆನ್ಸಿಗೆ ಸುಲಭ ದಾರಿ: ದೊಡ್ಡ ಗಾಯವಾದರೆ 14 ವರ್ಷ ಮತ್ತು ಮೇಲಿನವರಿಗೆ ಗಂಟೆಗೆ 500 ಮಿಲಿ, 6ರಿಂದ 13 ವರ್ಷದವರಿಗೆ 250, 5 ವರ್ಷದವರೆಗಿನವರಿಗೆ 125 ಹಾಕಿ ಕಳಿಸಿ. ನೋವಿನ ಇಂಜೆಕ್ಷನ್ ಸೊಂಟಕ್ಕಲ್ಲ, ರಕ್ತನಾಳಕ್ಕೇ ಕೊಡಿ.

ಗುಳ್ಳೆ, ಡ್ರೆಸ್ಸಿಂಗು

ಸಣ್ಣ ಗುಳ್ಳೆ ಒಡೆಯಬೇಡಿ. ದೊಡ್ಡದು, ಬಿಗಿದದ್ದು, ಕೀಲಿನ ಮೇಲಿನದು ತಾನೇ ಒಡೆಯುತ್ತದೆ, ಅಂಥದ್ದನ್ನು ಆಸ್ಪತ್ರೆಯಲ್ಲಿ ಶುದ್ಧವಾಗಿ ತೆಗೆಯುವುದೇ ಮೇಲು. ಕೆಳಗಿನ ಚರ್ಮ ಒತ್ತಿ ನೋಡಲೂ ಆಗುತ್ತದೆ. ಡಾಕ್ಟರುಗಳಲ್ಲೇ ಇದಕ್ಕೆ ಒಮ್ಮತ ಇಲ್ಲ.

ಡ್ರೆಸ್ಸಿಂಗಿಗೆ ಬಂದರೆ, ಬಿಳಿ ಮುಲಾಮು ಅಂದರೆ ಸಿಲ್ವರ್ ಸಲ್ಫಾಡಯಜೀನ್, ನಮ್ಮಲ್ಲಿ ಬೇಕಿರಲಿ ಬೇಡದಿರಲಿ ಎಲ್ಲ ಸುಟ್ಟಗಾಯಕ್ಕೂ ಬಳಿಯುವ ರೂಢಿ. ಮೇಲ್ಮಟ್ಟದ ಗಾಯ ಇದರಿಂದ ಬೇಗ ಮಾಯುವುದಿಲ್ಲ, ಬದಲಿಗೆ ತಡವಾಗಬಹುದು. ದಿನಾ ಉಜ್ಜಿ ತೆಗೆದು ಹೊಸದಾಗಿ ಹಚ್ಚಬೇಕು. ಒಂದೆರಡು ದಿನದಲ್ಲಿ ಬೂದು ಪೊರೆ ಕಟ್ಟುತ್ತದೆ, ಅದರಡಿ ಆಳ ಅಳೆಯಲು ಬಂದ ಸರ್ಜನ್ ಕೈಚೆಲ್ಲುತ್ತಾರೆ. ಸಲ್ಫಾ ಅಲರ್ಜಿ ಇರುವವರಿಗೆ, ತುಂಬು ಗರ್ಭಿಣಿಯರಿಗೆ, ಎರಡು ತಿಂಗಳೊಳಗಿನ ಕೂಸಿಗೆ ಕೂಡದು. ಆಳದ, ಸೋಂಕಿನ ಭಯವಿರುವ ಗಾಯಕ್ಕೆ ವಾರ್ಡಿನಲ್ಲಿ ಅದಕ್ಕೆ ಜಾಗ ಇದೆ. ರೆಫರ್ ಮಾಡುವ ಮುಂಚೆ ಬಳಿದು ಕಳಿಸುವುದಕ್ಕೆ ಇಲ್ಲ.

ಪ್ಯಾರಾಫಿನ್ ಗಾಜ್ (ಮೇಣದಂಥ ಜಿಡ್ಡು ಹಚ್ಚಿದ ಜಾಲಿ ಬಟ್ಟೆ) ಅಗ್ಗ, ಎಲ್ಲ ಕಡೆ ಸಿಗುತ್ತದೆ, ಎರಡು ಮೂರು ದಿನಕ್ಕೊಮ್ಮೆ ಬದಲಿಸಿದರೆ ಸಾಕು. ಒಣಗಿದರೆ ಅಂಟುತ್ತದೆ, ಆಗ ನೆನೆಸಿ ತೆಗೆಯುವ ತಾಳ್ಮೆ ಬೇಕು. ಕೊಲಾಜೆನ್ (ಚರ್ಮದಲ್ಲಿರುವ ಪ್ರೋಟೀನ್) ಶೀಟ್ ತಾಜಾ, ಶುದ್ಧ, ಮೇಲ್ಮಟ್ಟದ ಗಾಯಕ್ಕೆ, ಅದರಲ್ಲೂ ಮಕ್ಕಳಿಗೆ ಚೆನ್ನ: ಒಮ್ಮೆ ಕೂತರೆ ಕೆಳಗೆ ಚರ್ಮ ಬಂದಂತೆ ತಾನೇ ಉದುರುತ್ತದೆ. ಆಳದ್ದಕ್ಕೋ ಕೊಳೆಯಾದದ್ದಕ್ಕೋ ಹಾಕಿದರೆ ಕೆಳಗೆ ಕೀವು ತುಂಬುತ್ತದೆ. ಬೆಳ್ಳಿ ಲೇಪದ ಫೋಮ್, ಹಾಳೆಗಳು ಒಂದಕ್ಕೆ ದುಬಾರಿ, ಆದರೆ 3ರಿಂದ 7 ದಿನ ಇರುತ್ತವೆ. ಯಲಹಂಕದಿಂದ ಮಗುವನ್ನು ಎತ್ತಿಕೊಂಡು ಪ್ರತಿದಿನ ಮಾರ್ಕೆಟ್ಟಿಗೆ ಬರುವ ತಾಯಿಯ ಆಟೋ ಬಾಡಿಗೆ, ಹೋದ ದಿನಗೂಲಿ, ಮಗುವಿನ ಚೀರಾಟ ಎಲ್ಲ ಕೂಡಿಸಿದರೆ ಯಾವುದು ಅಗ್ಗ ಎಂಬ ಉತ್ತರ ಬದಲಾಗುತ್ತದೆ. ಬಿಲ್ ಬರೆಯುವ ಮುಂಚೆ ಮನೆ ಎಲ್ಲಿ ಎಂದು ಕೇಳುವ ಡಾಕ್ಟರು ಸಿಕ್ಕರೆ ಬಿಡಬೇಡಿ. ಮುಖಕ್ಕೆ ಮಾತ್ರ ಸಾಮಾನ್ಯವಾಗಿ ಕಟ್ಟು ಬೇಡ, ತೆಳುವಾಗಿ ಮುಲಾಮು ಹಚ್ಚಿ ತೆರೆದೇ ಬಿಡುತ್ತೇವೆ, ಬಿಳಿಯದಲ್ಲ.

ಸೋಂಕು ಬರಬಾರದೆಂದು ಮೊದಲ ದಿನವೇ ಆಂಟಿಬಯಾಟಿಕ್ ಮಾತ್ರೆ ಬೇಕಿಲ್ಲ. ಟಿಟಿ ಬೇಕು.

ಮನೆಗೆ ಕಳಿಸಿದ ಮೇಲೆ

ಸುಟ್ಟ ಕೈಕಾಲು ಎತ್ತರದಲ್ಲಿ ಇಡಿ, ಬೆರಳು ಮಡಚಿ ಬಿಡಿಸುತ್ತಿರಿ. ಗಾಯದ ಸುತ್ತ ಕೆಂಪು ಹರಡಿದರೆ, ವಾಸನೆ ಬಂದರೆ, ಇಳಿದ ನೋವು ಮತ್ತೆ ಏರಿದರೆ ಗಡುವಿಗೆ ಕಾಯದೆ ಹೋಗಿ. ಮಕ್ಕಳಲ್ಲಿ ಒಂದು ವಿಶೇಷ ಅಪಾಯ: ಗಾಯ ಚಿಕ್ಕದೇ, ಒಣಗುತ್ತಲೂ ಇದೆ, ಆದರೆ ಎರಡನೇ ಮೂರನೇ ದಿನ ಜೋರು ಜ್ವರ, ಮೈಮೇಲೆ ಕೆಂಪು ದದ್ದು, ವಾಂತಿ-ಭೇದಿ, ಮಂಕು. ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರಿದ ಲಕ್ಷಣ ಇದು, ಗಂಟೆಗಳಲ್ಲಿ ಕೆಡುತ್ತದೆ. ಸಾಮಾನ್ಯ ಜ್ವರವೆಂದು ಸಿರಪ್ ಕೊಟ್ಟು ಮಲಗಿಸದೆ ಆ ರಾತ್ರಿಯೇ ಕರೆತನ್ನಿ, "ಮೊನ್ನೆ ಸುಟ್ಟಿತ್ತು" ಎಂದು ಬಾಗಿಲಲ್ಲೇ ಹೇಳಿ.

ಎರಡು ವಾರಕ್ಕೂ ಮುಚ್ಚುವ ಸೂಚನೆ ಕಾಣದ ಗಾಯವನ್ನು ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ, ಮೂರು ವಾರ ದಾಟಿಸಬೇಡಿ. ಪ್ರತಿ ಡ್ರೆಸ್ಸಿಂಗಿನಲ್ಲೂ ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದರೆ ಅವರಿಗೆ ಅರ್ಧ ಕೆಲಸ ಮುಗಿದಂತೆ. ಮಾಯ್ದ ಚರ್ಮಕ್ಕೆ ದಿನಕ್ಕೆರಡು ಸಲ ಕೊಬ್ಬರಿ ಎಣ್ಣೆಯೋ ಸಾದಾ ಮಾಯಿಶ್ಚರೈಸರೋ ಹಚ್ಚಿ ತಿಕ್ಕಿ, ಒಂದು ವರ್ಷ ಬಿಸಿಲಿನಿಂದ ಮುಚ್ಚಿಡಿ. ಕಲೆ ಉಬ್ಬತೊಡಗಿದರೆ ಅಳತೆ ಕೊಟ್ಟು ಹೊಲಿಸುವ, ಕಲೆಯನ್ನು ಬಿಗಿಯಾಗಿ ಒತ್ತಿ ಹಿಡಿಯುವ ಪ್ರೆಷರ್ ಗಾರ್ಮೆಂಟ್ ಸಿಗುತ್ತದೆ. ದಿನದ 23 ಗಂಟೆ ಹಾಕಿಕೊಳ್ಳಬೇಕು, ತೆಗೆಯುವುದು ಸ್ನಾನಕ್ಕೆ ಮಾತ್ರ.